ಮೊದಲು ಗಡಿಯಾರ, ಆಮೇಲೆ ಲೆನ್ಸು

ಮನೆಯಲ್ಲೇ ಜೋಡಿಸಿದ ಟೈಮ್‌ಲ್ಯಾಪ್ಸ್ ಕ್ಯಾಮೆರಾ ಹೊಲದಲ್ಲಿ ನಿಲ್ಸಿರೋ ಗೆಳೆಯರೇ, ಮುಂದಿನ ದುಡ್ಡು ಹೊಸ ಲೆನ್ಸಿಗೆ ಹಾಕ್ಬೇಡಿ. ಮೊದಲು ಗಡಿಯಾರದ ಮಾಡ್ಯೂಲ್ ತಗೊಳ್ಳಿ.

ಟೊಮೆಟೊ ಎಲೆ ಮಧ್ಯಾಹ್ನದ ಬಿಸಿಲಿಗೆ ಬಾಡಿ ಸಂಜೆಗೆ ಚೇತರಿಸ್ಕೊಂಡ್ರೆ ಗಾಬರಿ ಬೇಡ. ಬೆಳಗ್ಗೆ 6ಕ್ಕೂ ಜೋತುಬಿದ್ದಿದ್ರೆ ನೀರಿನ ಕೊರತೆ, ಇಲ್ಲಾ ಸೊರಗು ರೋಗದ ಗುಮಾನಿ. ಫೋಟೊದ ಮೇಲಿನ ಟೈಮೇ ತಪ್ಪಾಗಿದ್ರೆ ಇದನ್ನ ಹೇಗೆ ತಿಳಿಯೋದು?

ಇಎಸ್‌ಪಿ32 ಬೋರ್ಡ್ ನಿದ್ದೆಯಲ್ಲಿದ್ದಾಗ ಅದರೊಳಗಿನ ಗಡಿಯಾರ ಹಿಂದೆಮುಂದೆ ಆಗುತ್ತೆ. ಬ್ಯಾಟರಿ ಖಾಲಿಯಾದ್ರೆ ಟೈಮೇ ಮರೆತುಹೋಗುತ್ತೆ. ಡಿಎಸ್3231 ಮಾಡ್ಯೂಲ್ ತನ್ನದೇ ಬಟನ್ ಸೆಲ್ಲಿನಲ್ಲಿ ಓಡುತ್ತೆ. 40 ಡಿಗ್ರಿ ಒಳಗಿದ್ರೆ ವರ್ಷಕ್ಕೆ ಸುಮಾರು 1 ನಿಮಿಷದಷ್ಟೇ ವ್ಯತ್ಯಾಸ. ಅದರ ಅಲಾರಂನಿಂದಲೇ ಬೋರ್ಡ್ ಎಬ್ಬಿಸಬಹುದು.

ಎರಡನೇದು ಸೋಲಾರ್ ಪ್ಯಾನೆಲ್. ಲೆನ್ಸು ಕೊನೆಗೆ. ಯಾವ ಹೊತ್ತಿನದು ಅಂತ ಗೊತ್ತಿಲ್ಲದ ಚಂದದ ಫೋಟೊ ನೋಡಿ ನೀರು ಬಿಡೋದೋ ಬೇಡವೋ ಅಂತ ತೀರ್ಮಾನಿಸೋಕೆ ಆಗಲ್ಲ.