ಬುದ್ಧಿ ಬೇರೆ, ಪ್ರಜ್ಞೆ ಬೇರೆ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಸಾರ್, ಯಂತ್ರಕ್ಕೆ ಬುದ್ಧಿ ಬಂತು, ಇನ್ನು ಪ್ರಜ್ಞೆಯೂ ಬರುವುದೇ?” ಬುದ್ಧಿ ಬೆಳೆದಂತೆಲ್ಲ ಪ್ರಜ್ಞೆ ತಾನಾಗಿ ಮೂಡುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಅದನ್ನು ನಾನು ಒಪ್ಪಲಾರೆ.

ನಮ್ಮ ಆಡುಮಾತೇ ಇವೆರಡನ್ನು ಬೇರ್ಪಡಿಸಿದೆ. ಮೂರ್ಛೆ ಹೋದವನಿಗೆ ‘ಪ್ರಜ್ಞೆ ತಪ್ಪಿತು’ ಎನ್ನುತ್ತೇವೆ. ಹೇಳಿದ ಮಾತು ಕೇಳದ ಹುಡುಗನಿಗೆ ‘ಇನ್ನೂ ಬುದ್ಧಿ ಬರಲಿಲ್ಲ’ ಎನ್ನುತ್ತೇವೆ. ಸಾಂಖ್ಯರು ಇನ್ನೂ ಮುಂದೆ ಹೋಗಿ, ಬುದ್ಧಿಯು ಪ್ರಕೃತಿಯಿಂದ ಹುಟ್ಟಿದ್ದು, ತನ್ನಷ್ಟಕ್ಕೆ ಅದು ಜಡ, ಚೈತನ್ಯವಿರುವುದು ಪುರುಷನಲ್ಲಿ ಎಂದರು. ಅವರ ದರ್ಶನವನ್ನು ಪೂರ್ತಿ ಒಪ್ಪದವರಿಗೂ ಈ ವಿವೇಚನೆ ಉಪಯುಕ್ತ.

ಬೆಂಗಳೂರಿನವರೇ ಆದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಹೇಳಿದರು. ಇಂದು ಯಶವಂತಪುರದ ಮಂಡಿಯ ಗುಮಾಸ್ತನ ಮೊಬೈಲಿಗೆ ಅದು ಕ್ಷಣಾರ್ಧದ ಕೆಲಸ. ಆದರೆ ಉತ್ತರ ಸರಿಬಂದಾಗ ಆ ಮೊಬೈಲು ಹಿಗ್ಗುತ್ತದೆಂದು ಯಾರೂ ಹೇಳುವುದಿಲ್ಲ. ಯಂತ್ರಕ್ಕೆ ಪ್ರಜ್ಞೆ ಎಂದೆಂದಿಗೂ ಬಾರದೆಂಬುದು ನನ್ನ ವಾದವಲ್ಲ. ಜಾಣ ಉತ್ತರವೊಂದೇ ಅದಕ್ಕೆ ಸಾಕ್ಷಿಯಾಗದು ಎಂಬುದಷ್ಟೇ ನನ್ನ ಮಾತು.

ಈ ಪ್ರಶ್ನೆಯ ಇನ್ನೊಂದು ಮುಖವೇ ನನಗೆ ಹೆಚ್ಚು ಮುಖ್ಯ. ಬುದ್ಧಿ ಕುಂದಿದವರಲ್ಲಿ ಪ್ರಜ್ಞೆಯೂ ಕುಂದಿತೆಂದು ಬಗೆಯಬಹುದೆ?

ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, 45 ವರ್ಷ ದಾಟಿದವರ ಮಿದುಳಿನ ಆರೋಗ್ಯವನ್ನು ದೀರ್ಘಕಾಲದಿಂದ ಗಮನಿಸುತ್ತ ಬಂದಿದೆ. ಮರೆಗುಳಿತನದ ಕಾರಣಗಳನ್ನು ಅರಿಯುವುದು ಅದರ ಉದ್ದೇಶ. ಇಂಥ ಪರೀಕ್ಷೆಗಳು ನೆನಪು, ಗಮನ, ಭಾಷೆಗಳನ್ನು ಅಳೆಯಬಲ್ಲವು. ಒಳಗಿರುವವರಿಗೆ ಏನನ್ನಿಸುತ್ತಿದೆ ಎಂಬುದನ್ನು ಅಳೆಯುವ ಕೋಲು ಇನ್ನೂ ಯಾರ ಬಳಿಯೂ ಇಲ್ಲ.

ಯಲಹಂಕದಲ್ಲಿರುವ ನಮ್ಮ ಬಂಧುಗಳೊಬ್ಬರಿಗೆ ಈ ಕಾಯಿಲೆ. ಮಗನ ಹೆಸರು ಮರೆತಿದೆ, ಎರಡರ ಮಗ್ಗಿಯೂ ನಾಲಗೆಗೆ ಬಾರದು. ಬಂದವರು ಅವರೆದುರಿಗೇ, “ಇವರಿಗೆ ಏನೂ ತಿಳಿಯೋದಿಲ್ಲ ಬಿಡಿ” ಎನ್ನುತ್ತಾರೆ. ಆದರೆ ದನಿ ಏರಿಸಿದರೆ ಅವರ ಕಣ್ಣು ಹನಿಗೂಡುತ್ತದೆ. ಮೊಮ್ಮಗಳು ಪಕ್ಕದಲ್ಲಿ ಕುಳಿತರೆ ಮುಖ ಅರಳುತ್ತದೆ. ಲೆಕ್ಕ ಹೋಗಿದೆ, ನೋವು ನಲಿವು ಹೋಗಿಲ್ಲ.

ಅಂಕಪಟ್ಟಿಯಿಂದ ಮನುಷ್ಯನ ಬೆಲೆ ಕಟ್ಟುವ ಅಭ್ಯಾಸ ನಮ್ಮ ಶಾಲೆಗಳಿಂದಲೇ ಮನೆಗಳಿಗೆ ಹಬ್ಬಿದೆ. ಮರ್ಯಾದೆ ಸಲ್ಲಬೇಕಾದುದು ಜಾಣತನಕ್ಕಲ್ಲ, ನೋಯಬಲ್ಲ ಜೀವಕ್ಕೆ. ಲೆಕ್ಕ ಮಾಡುವ ಯಂತ್ರಕ್ಕೆ ಪ್ರಜ್ಞೆಯಿದೆಯೇ ಎಂದು ಚರ್ಚಿಸುವ ನಾವು, ಲೆಕ್ಕ ಮರೆತ ಹಿರಿಯರಲ್ಲಿ ಅದು ಇಲ್ಲವೆಂದು ಅವರೆದುರೇ ತೀರ್ಪು ಕೊಡುವುದು ವಿಪರ್ಯಾಸ. ಮನೆಯಲ್ಲಿ ಅಂಥವರಿದ್ದರೆ, ದಯವಿಟ್ಟು ಅವರ ಕುರಿತು ಮಾತನಾಡಬೇಡಿ, ಅವರೊಡನೆ ಮಾತನಾಡಿ.