ಅಲ್ಪ ಅನುದಾನ, ಅನಲ್ಪ ಹೊಣೆ

ಆಯವ್ಯಯದ ಕೋಟಿಗಳ ಲೆಕ್ಕವನ್ನು ಕೇಳಿ ಕೇಳಿ ನಮ್ಮ ಕಿವಿಗಳು ಒಗ್ಗಿಹೋಗಿವೆ. ಆದುದರಿಂದಲೇ ಕೆಲವು ಸಾವಿರ ರೂಪಾಯಿಗಳ ಅನುದಾನವೊಂದು ಊರಿಗೆ ಬಂದಾಗ 'ಇಷ್ಟರಿಂದ ಏನಾದೀತು?' ಎಂಬ ಉದಾಸೀನ ಮೂಡುತ್ತದೆ. ಈ ಉದಾಸೀನಕ್ಕೆ ತಕ್ಕ ಉತ್ತರ ನಮ್ಮ ಕೋಲಾರ ಜಿಲ್ಲೆಯ ಇತಿಹಾಸದಲ್ಲಿಯೇ ಇದೆ.

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರವು ಮೈರಾಡ ಸಂಸ್ಥೆ ಕೆಲಸ ಮಾಡಿದ ಪ್ರದೇಶಗಳಲ್ಲೊಂದು. 1984-85ರ ವೇಳೆಗೆ ಆ ಸಂಸ್ಥೆಯ ಯೋಜನಾ ಪ್ರದೇಶಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು, ಪರಸ್ಪರ ನಂಬಿಕೆಯುಳ್ಳ ಬಡವರು ಚಿಕ್ಕ ಚಿಕ್ಕ ಗುಂಪುಗಳಾಗಿ ಕೂಡಿದರು. ತಾವೇ ಉಳಿತಾಯ ಮಾಡಿ ತಮ್ಮೊಳಗೇ ಸಾಲ ಕೊಟ್ಟುಕೊಂಡರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ನೀಡಿತು. ಗುಂಪುಗಳಿಗೆ ತರಬೇತಿ ನೀಡುವುದು, ಅವುಗಳ ನಡವಳಿಕೆಯನ್ನು ಪರೀಕ್ಷಿಸಿ ಉಳಿತಾಯಕ್ಕೆ ಸರಿಗಟ್ಟುವ ಮೊತ್ತ ಸೇರಿಸುವುದು ಅದರ ಉದ್ದೇಶವಾಗಿತ್ತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ರಾಷ್ಟ್ರೀಯ ಯೋಜನೆಯನ್ನು ನಬಾರ್ಡ್ ಕೈಗೊಂಡಿತು. ಇಂದು ದೇಶದ ಮೂಲೆಮೂಲೆಗಳಲ್ಲಿರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಒಂದು ಇದು.

ಇಲ್ಲಿ ಗಮನಿಸಬೇಕಾದುದು ಮೊತ್ತಕ್ಕಿಂತ ಹೆಚ್ಚಾಗಿ ಕ್ರಮವನ್ನು. ಮೊದಲು ಕೂಟ, ಬಳಿಕ ಉಳಿತಾಯ, ಕೊನೆಗೆ ಅನುದಾನ. ಹಣವು ಇದ್ದ ನಂಬಿಕೆಗೆ ನೀರೆರೆಯಿತೇ ಹೊರತು ಇಲ್ಲದ ನಂಬಿಕೆಯನ್ನು ಸೃಷ್ಟಿಸಲಿಲ್ಲ. ಇಂದು ಎಷ್ಟೋ ಕಡೆ ಈ ಕ್ರಮ ತಲೆಕೆಳಗಾಗಿದೆ. ಅನುದಾನ ಪ್ರಕಟವಾದೊಡನೆ ಸಂಘ ಹುಟ್ಟುತ್ತದೆ; ಹಣ ಮುಗಿದೊಡನೆ ಅದರ ಹೆಸರು ಫಲಕದಲ್ಲಿ ಮಾತ್ರ ಉಳಿಯುತ್ತದೆ.

ಸಾರ್ವಜನಿಕ ವಸ್ತುವಿನ ಬಗ್ಗೆ ಜನರು ತೋರುವ ಕಾಳಜಿ ಕಡಿಮೆ ಎಂಬುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಬಹು ಹಿಂದೆಯೇ ಗುರುತಿಸಿದ್ದನು. ಎಲ್ಲರದೂ ಆದುದು ಯಾರದೂ ಅಲ್ಲವೆಂಬ ಭಾವನೆ ಮನುಷ್ಯ ಸಹಜವಾದುದು. ಆದರೆ ಜೀವನದಿಯಿಲ್ಲದ ಈ ಸೀಮೆಯಲ್ಲಿ ನಮ್ಮ ಪೂರ್ವಿಕರು ಈ ಸಮಸ್ಯೆಗೆ ಪರಿಹಾರ ಕಂಡುಕೊಂಡಿದ್ದರು. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆ ತುಂಬುವಂತೆ ಅವರು ಸರಪಳಿ ಕೆರೆಗಳನ್ನು ಕಟ್ಟಿದರು. ತೂಬು ತೆರೆಯುವ, ನೀರು ಹಂಚುವ ಹೊಣೆಯನ್ನು ನೀರುಗಂಟಿಗೆ ವಹಿಸಿದರು; ಅವನಿಗೆ ಅಚ್ಚುಕಟ್ಟಿನ ರೈತರು ಬೆಳೆಯಲ್ಲಿ ಪಾಲು ಕೊಟ್ಟರು. ಕೆರೆ ಎಲ್ಲರದು, ಹೊಣೆ ಗೊತ್ತಾದ ಒಬ್ಬನದು: ಈ ವಿವೇಕವೇ ಕೆರೆಗಳನ್ನು ಶತಮಾನಗಳ ಕಾಲ ಕಾಪಾಡಿತು.

ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಕೆರೆ ಪುನಶ್ಚೇತನ ಯೋಜನೆಯಲ್ಲಿ ಜಲ ಸಂವರ್ಧನ ಯೋಜನಾ ಸಂಘವು ಕೋಲಾರವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತು. ಗ್ರಾಮಸ್ಥರೂ ವೆಚ್ಚದಲ್ಲಿ ತಮ್ಮ ಪಾಲು ಹೊರಬೇಕೆಂಬ ನಿಯಮವಿತ್ತು. ತತ್ತ್ವ ಹಳೆಯದೇ. ಆದರೆ ಇಂಥ ಕಾರ್ಯದ ನಿಜವಾದ ಪರೀಕ್ಷೆ ಹೂಳೆತ್ತಿದ ದಿನವಲ್ಲ. ಅನುದಾನ ನಿಂತ ಬಳಿಕ ರಾಜಕಾಲುವೆಯ ಮುಳ್ಳುಪೊದೆ ಕಡಿಯಲು ಯಾರು ಕತ್ತಿ ಹಿಡಿಯುತ್ತಾರೆಂಬುದೇ ಆ ಪರೀಕ್ಷೆ.

ಜಗದ್ಗುರು ಹನ್ನೊಂದನೆಯ ಪಯಸ್‌ರವರು 1931ರ ತಮ್ಮ ವಿಶ್ವಪರಿಪತ್ರದಲ್ಲಿ ಚಿಕ್ಕ ಸಮುದಾಯಗಳು ತಾವೇ ಮಾಡಬಲ್ಲ ಕಾರ್ಯವನ್ನು ದೊಡ್ಡ ಸಂಸ್ಥೆಗಳು ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದರು. ಈ ತತ್ತ್ವಕ್ಕೆ ಎರಡು ಮುಖಗಳಿವೆ. ಮೇಲಿನವರು ಕಸಿಯಬಾರದು; ಆದರೆ ಕೈಬಿಡಲೂ ಬಾರದು. ನಮ್ಮ ಕೊಳವೆ ಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಸಮಸ್ಯೆಯನ್ನು ಒಂದು ಬೀದಿಯ ಸಂಘ ಪರಿಹರಿಸಲಾರದು. ಚಿಕ್ಕ ಅನುದಾನ ಕೊಟ್ಟು ದೊಡ್ಡ ಕರ್ತವ್ಯದಿಂದ ಜಾರಿಕೊಳ್ಳಲು ಯಾವ ಸರ್ಕಾರಕ್ಕೂ ಅವಕಾಶವಿರಬಾರದು.

ಹಾಗಾದರೆ ನಮ್ಮ ಪಾಲಿನ ಕೆಲಸವೇನು? 2021ರಿಂದ 2026ರವರೆಗಿನ 15ನೆಯ ಹಣಕಾಸು ಆಯೋಗದ ಅವಧಿಯಲ್ಲಿ ಗ್ರಾಮ ಪಂಚಾಯಿತಿಗಳ ಅನುದಾನದ ಶೇಕಡಾ 60 ಭಾಗ ಕುಡಿಯುವ ನೀರು ಹಾಗೂ ನೈರ್ಮಲ್ಯಕ್ಕೆ ಮೀಸಲಾಗಿತ್ತು. ಉಳಿದುದನ್ನು ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದಿತ್ತು. ಆ ಅಗತ್ಯವನ್ನು ಹೇಳಬೇಕಾದ ಸ್ಥಳ ವಾರ್ಡ್ ಸಭೆ ಮತ್ತು ಗ್ರಾಮಸಭೆ. ಗೌನಿಪಲ್ಲಿಯಂಥ ಊರಿನ ಚರಂಡಿ, ನೀರಿನ ತೊಟ್ಟಿ, ಅಂಗನವಾಡಿಯ ಅಂಗಳ ಇವೆಲ್ಲ ಅಲ್ಲಿ ತೀರ್ಮಾನವಾಗಬೇಕಾದ ವಿಷಯಗಳು. ಸಭೆಯಲ್ಲಿ ಖಾಲಿ ಕುರ್ಚಿಗಳಿದ್ದರೆ ತೀರ್ಮಾನ ಬೇರೆಲ್ಲಿಯೋ, ಬೇರೆಯವರ ಹಿತಕ್ಕಾಗಿ ನಡೆದುಹೋಗುತ್ತದೆ.

ಈ ಭಾಗದಲ್ಲಿ ನಮ್ಮ ಕ್ರೈಸ್ತ ಕುಟುಂಬಗಳು ಸಂಖ್ಯೆಯಲ್ಲಿ ಅಲ್ಪ. 'ನಮ್ಮ ಮಾತು ಯಾರು ಕೇಳುತ್ತಾರೆ?' ಎಂದು ಮನೆಯಲ್ಲಿ ಕುಳಿತುಕೊಳ್ಳುವುದು ಸುಲಭ. ಸಭೆಗೆ ಹೋದರೂ ನಮ್ಮ ಬೀದಿಗೆ ಮಾತ್ರ ದೀಪ ಕೇಳಿ ಬರುವುದು ಇನ್ನೂ ಸುಲಭ. ಎರಡೂ ಸಲ್ಲದು. ಹಿಟ್ಟಿನಲ್ಲಿ ಬೆರೆತ ಹುಳಿ ತನ್ನನ್ನು ಮಾತ್ರ ಉಬ್ಬಿಸಿಕೊಳ್ಳುವುದಿಲ್ಲ. ನೆರೆಯ ಹಿಂದೂ, ಮುಸಲ್ಮಾನ ಬಾಂಧವರೊಡನೆ ಕೂಡಿ, ಎಲ್ಲಕ್ಕಿಂತ ಹೆಚ್ಚು ಕೊರತೆಯುಳ್ಳ ಕೇರಿಯ ಪರವಾಗಿ ಮೊದಲು ಮಾತನಾಡುವುದೇ ನಮಗೆ ಶೋಭೆ.

ಅನುದಾನ ಯಾವುದೇ ಇರಲಿ, ಮೂರು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳೋಣ: ಈ ಕೆಲಸವನ್ನು ಆರಿಸಿದವರು ಯಾರು? ಲೆಕ್ಕವನ್ನು ಯಾರು, ಎಲ್ಲಿ ಓದಿ ಹೇಳುತ್ತಾರೆ? ಮುಂದಿನ ವರ್ಷ ಇದನ್ನು ನೋಡಿಕೊಳ್ಳುವವರು ಯಾರು? ಈ ಮೂರಕ್ಕೂ ಹೆಸರುಗೊಂಡ ಉತ್ತರ ದೊರೆತರೆ ಹತ್ತು ಸಾವಿರ ರೂಪಾಯಿಯೂ ಸಾರ್ಥಕ. ದೊರೆಯದಿದ್ದರೆ ಹತ್ತು ಕೋಟಿಯೂ ಒಡೆದ ಏರಿಯ ಹಿಂದೆ ನಿಂತ ನೀರಿನಂತೆ ಬರಿದಾಗುತ್ತದೆ.