ಚಿಟ್ಟೆಗೆ ಕೇಳುವ ಕಾಗದವನ್ನು ಕೋಳಿಗೇಕೆ ಕೇಳಬಾರದು?



ಸಾಲದ ವಿಚಾರ ಬಂದಾಗಲೆಲ್ಲ ನಾವು ಬೆಲೆಯ ಮಾತನ್ನೇ ಆಡುತ್ತೇವೆ. ಮಾರುವಾಗ ಸಿಕ್ಕ ಬೆಲೆ, ದಲ್ಲಾಳಿ ಮುರಿದುಕೊಂಡ ಕಾಸು, ಬಡ್ಡಿ, ಚಕ್ರಬಡ್ಡಿ. ಅದು ಸರಿಯೇ. ಆದರೆ ಕೆಲವು ಸಾಲ ಮಾರುವ ದಿನ ಹುಟ್ಟುವುದಿಲ್ಲ, ಕೊಳ್ಳುವ ದಿನವೇ ಹುಟ್ಟುತ್ತದೆ. ಅಂಥ ಒಂದು ಸಾಲದ ಬಗ್ಗೆ ಈ ತಿಂಗಳು ನಿಮ್ಮ ಜೊತೆ ಮಾತಾಡಬೇಕಾಗಿದೆ. ಅದು ಕೋಳಿಮರಿಯ ಸಾಲ.

ಮೊದಲು ನಿಮಗೆಲ್ಲ ಗೊತ್ತಿರುವ ಹುಳುವಿನಿಂದಲೇ ಶುರು ಮಾಡೋಣ. ನಮ್ಮ ಮರಳವಾಡಿ, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಸೀಮೆಯಲ್ಲಿ ಹುಳು ಮೇಯಿಸುವವನು ಕಂಡಕಂಡವರ ಹತ್ತಿರ ಮೊಟ್ಟೆ ತರುವುದಿಲ್ಲ. ಬಿತ್ತನೆ ಕೋಠಿ ಯಾವುದು, ಲೈಸೆನ್ಸ್ ಇದೆಯೋ ಇಲ್ಲವೋ, ಲಾಟಿನ ನಂಬರು ಏನು, ಮೊಟ್ಟೆ ಇಟ್ಟ ತಾರೀಖು ಯಾವುದು ಅಂತ ಕೇಳಿಯೇ ತರುತ್ತಾನೆ. ಯಾಕೆ? ಗಂಟು ರೋಗದ ಭಯ. ಈ ರೋಗ ತಾಯಿ ಚಿಟ್ಟೆಯ ಹೊಟ್ಟೆಯಿಂದಲೇ ಮೊಟ್ಟೆಗೆ ಇಳಿಯುತ್ತದೆ. ಮೊಟ್ಟೆಯಲ್ಲಿ ರೋಗ ಬಂದ ಮೇಲೆ ನೀವು ಎಷ್ಟು ಒಳ್ಳೆಯ ಸೊಪ್ಪು ಹಾಕಿದರೂ, ಮನೆಯನ್ನು ಎಷ್ಟು ತೊಳೆದರೂ ಆ ಹುಳು ಉಳಿಯುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವನ್ನು ಬುಟ್ಟಿಗಟ್ಟಲೆ ತಿಪ್ಪೆಗೆ ಹೊತ್ತವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಅದಕ್ಕೆ ಪರಿಹಾರ ಕಂಡುಕೊಟ್ಟವನು ಫ್ರಾನ್ಸಿನ ಲೂಯಿ ಪಾಶ್ಚರ್. 1865ರಲ್ಲಿ ಅಲ್ಲಿಯ ರೇಷ್ಮೆ ಸೀಮೆಗೆ ಹೋದಾಗ ಆತನಿಗೆ ಹುಳು ಸಾಕಿ ಅಭ್ಯಾಸವೇ ಇರಲಿಲ್ಲ. ಐದು ವರ್ಷ ಕೂತು ಒಂದು ಸರಳ ದಾರಿ ಹುಡುಕಿದ. ಮೊಟ್ಟೆ ಇಟ್ಟ ಮೇಲೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ಸುಡು. ಕಾಣದಿದ್ದರೆ ಸಾಕು. ಅಷ್ಟೇ. ಇವತ್ತಿಗೂ ನಮ್ಮ ಕೋಠಿಗಳಲ್ಲಿ ನಡೆಯುತ್ತಿರುವ ತಾಯಿ ಚಿಟ್ಟೆ ಪರೀಕ್ಷೆಯ ಮೂಲ ಅದೇ. ಆಮೇಲೆ ನಮ್ಮ ರಾಜ್ಯದಲ್ಲಿ ರೇಷ್ಮೆ ಬಿತ್ತನೆ, ಗೂಡು, ನೂಲಿಗೆ 1959ರ ಕಾಯಿದೆ ಬಂತು. ಕೇಂದ್ರ ರೇಷ್ಮೆ ಮಂಡಳಿಯ ಕಾಯಿದೆಗೆ 2006ರಲ್ಲಿ ತಿದ್ದುಪಡಿಯಾಗಿ, 2010ರಲ್ಲಿ ಬಿತ್ತನೆ ನಿಯಮಗಳು ಬಂದವು. ಮೊಟ್ಟೆ ತಯಾರಿಸುವವನೂ ಚಾಕಿ ಸಾಕಿ ಕೊಡುವವನೂ ಹೆಸರು ನೋಂದಾಯಿಸಬೇಕು, ಪರೀಕ್ಷೆಗೆ ಒಳಪಡಬೇಕು. ಎಲ್ಲ ಕಡೆ ಇದು ಸರಿಯಾಗಿ ನಡೆಯುತ್ತಿದೆ ಅಂತ ನಾನು ಹೇಳುತ್ತಿಲ್ಲ. ನಿಯಮ ಅಂತ ಒಂದಿದೆ, ಕೇಳುವ ಹಕ್ಕು ನಮಗಿದೆ, ಅಷ್ಟು ಹೇಳುತ್ತಿದ್ದೇನೆ.

ಈಗ ಹುಳುಮನೆಯಿಂದ ಕೋಳಿ ಶೆಡ್ಡಿಗೆ ಬನ್ನಿ.

ಕೊಳವೆ ಬಾವಿ ಬತ್ತಿದ ಕಡೆ, ಹಿಪ್ಪುನೇರಳೆ ಕಿತ್ತ ಕಡೆ ಎಷ್ಟೋ ಜನ ಕೋಳಿ ಶೆಡ್ ಕಟ್ಟಿದ್ದಾರೆ. ಕೆಲವರು ಕಂಪನಿಯ ಗುತ್ತಿಗೆಯಲ್ಲಿ ಬ್ರಾಯ್ಲರ್ ಸಾಕುತ್ತಾರೆ. ಕೆಲವರು ಸ್ವಂತ ದುಡ್ಡಿನಲ್ಲಿ ಗಿರಿರಾಜ, ನಾಟಿ ಮರಿ ತಂದು ಸಾಕುತ್ತಾರೆ. ಮನೆಯ ಹೆಣ್ಣುಮಕ್ಕಳು ಕೈಕಾಸಿಗೆ ಅಂತ ಹತ್ತಿಪ್ಪತ್ತು ಮರಿ ಬಿಟ್ಟುಕೊಳ್ಳುತ್ತಾರೆ. ಇವರಲ್ಲಿ ಯಾರನ್ನಾದರೂ ಕೇಳಿ ನೋಡಿ: ನಿಮ್ಮ ಮರಿಯ ತಾಯಿ ಕೋಳಿಗೆ ರಕ್ತ ಪರೀಕ್ಷೆ ಆಗಿತ್ತೇ? ಯಾವತ್ತು ಆಯಿತು? ಯಾರು ಮಾಡಿದರು? ನಾನು ಕೇಳಿದವರೆಲ್ಲ ನನ್ನ ಮುಖ ನೋಡಿದರು. ಮರಿಯ ಪೆಟ್ಟಿಗೆ ಜೊತೆ ಬರುವುದು ಎಣಿಕೆಯ ಚೀಟಿ, ಬಿಲ್ಲು, ಹೆಚ್ಚೆಂದರೆ ಮೊದಲ ದಿನದ ಲಸಿಕೆ ಹಾಕಿದ್ದೇವೆ ಅನ್ನುವ ಒಂದು ಗೆರೆ. ನೂರಕ್ಕೆ ಎರಡು ಮರಿ ಹೆಚ್ಚಿಗೆ ಹಾಕಿರುತ್ತಾರೆ, ಅದನ್ನೇ ದೊಡ್ಡ ಉಪಕಾರ ಅಂತ ನಾವು ತಲೆ ಆಡಿಸುತ್ತೇವೆ.

ನಾನೂ ತಲೆ ಆಡಿಸಿದವನೇ. ಕೆಲವು ವರ್ಷದ ಕೆಳಗೆ ಮನೆಯಾಕೆಯ ಓಲೆ ಅಡವಿಟ್ಟು ಸಾವಿರ ಮರಿ ತಂದೆ. ಹ್ಯಾಚರಿಯ ಹೆಸರು ಇಲ್ಲಿ ಬೇಡ. ಮರಿ ನೋಡಲು ಚೆನ್ನಾಗಿಯೇ ಇದ್ದವು. ನಾಲ್ಕನೇ ದಿನಕ್ಕೆ ರೆಕ್ಕೆ ಇಳಿಬಿಟ್ಟು ಬಲ್ಬಿನ ಕೆಳಗೆ ಗುಂಪುಗೂಡಿ ನಿಂತವು. ಹಿಂದುಗಡೆ ಸುಣ್ಣ ಬಳಿದ ಹಾಗೆ ಬಿಳಿ ಭೇದಿ ಅಂಟಿಕೊಂಡಿತ್ತು. ಹದಿನೈದು ದಿನ ತುಂಬುವುದರೊಳಗೆ ಮುನ್ನೂರಕ್ಕೂ ಹೆಚ್ಚು ಸತ್ತವು. ಫೋನ್ ಮಾಡಿದರೆ ಆ ಕಡೆಯವರು ಹೇಳಿದ್ದು ಒಂದೇ ಮಾತು: "ನಿಮ್ಮ ಬ್ರೂಡರ್‌ನಲ್ಲಿ ಕಾವು ಸಾಲದು ಯಜಮಾನರೇ, ನಮ್ಮ ಮರಿಯಲ್ಲಿ ಏನೂ ದೋಷ ಇಲ್ಲ." ಸತ್ತ ಮರಿಯನ್ನು ಐಸಿನಲ್ಲಿಟ್ಟು ಬೆಂಗಳೂರಿಗೆ ಒಯ್ದು ಪರೀಕ್ಷೆ ಮಾಡಿಸಿದ ಮೇಲೆ ಪುಲ್ಲೋರಂ ಅಂತ ಗೊತ್ತಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ರೋಗ ಮರಿಯ ಜೊತೆ ಬಂತೋ ನನ್ನ ಶೆಡ್ಡಿನಲ್ಲಿ ಅಂಟಿತೋ ಎಂದು ತೋರಿಸಲು ನನ್ನ ಕೈಯಲ್ಲಿ ಏನಿತ್ತು? ಒಂದು ಬಿಲ್ಲು. ಓಲೆ ಬಿಡಿಸಿಕೊಳ್ಳಲು ಎರಡು ಬೆಳೆ ಗೂಡು ಹೋಯಿತು.

ಪುಲ್ಲೋರಂ ಅನ್ನುವುದು ಕೋಳಿಯ ಗಂಟು ರೋಗ ಅಂತಲೇ ತಿಳಿಯಿರಿ. ಹುಳುವಿನದು ಬೇರೆ ಕಣ, ಕೋಳಿಯದು ಬೇರೆ ಕಣ. ಆದರೆ ದಾರಿ ಒಂದೇ. ತಾಯಿ ಕೋಳಿ ಹೊರಗೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಮೊಟ್ಟೆಯನ್ನೂ ಇಡುತ್ತದೆ, ಅಂಡಾಶಯದಲ್ಲಿ ರೋಗ ಕೂತಿರುತ್ತದೆ. ಮೊಟ್ಟೆಯೊಳಗೆ ಅದು ಇಳಿಯುತ್ತದೆ. 21 ದಿನ ಕಾವು ಕೊಟ್ಟು ಮರಿ ಒಡೆಯುವಾಗ ಒಂದು ರೋಗದ ಮರಿಯ ಪುಕ್ಕದ ಧೂಳು ಪೆಟ್ಟಿಗೆಯಲ್ಲಿರುವ ಒಳ್ಳೆಯ ಮರಿಗಳಿಗೂ ಅಂಟಿಸುತ್ತದೆ. ಔಷಧಿ ಹಾಕಿದರೆ ಸಾವು ಕಡಿಮೆಯಾಗಬಹುದು, ಆದರೆ ಉಳಿದ ಮರಿಯೊಳಗೆ ರೋಗ ಉಳಿಯುತ್ತದೆ. ಅದು ದೊಡ್ಡದಾಗಿ ಮೊಟ್ಟೆ ಇಟ್ಟರೆ ಮತ್ತೆ ಅದೇ ಕಥೆ. ಉಸಿರಾಟದ ರೋಗ ತರುವ ಮೈಕೋಪ್ಲಾಸ್ಮಾ ಕೂಡ ಹೀಗೆಯೇ ಮೊಟ್ಟೆಯಲ್ಲಿ ಇಳಿಯುವಂಥದ್ದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಪತ್ತೆ ಮಾಡುವುದು ಬಹಳ ಕಷ್ಟವೇ? ಅಲ್ಲ. ತಾಯಿ ಕೋಳಿಯ ರೆಕ್ಕೆಯ ನರಕ್ಕೆ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಬಿಳಿ ತಟ್ಟೆಯ ಮೇಲೆ ಬಣ್ಣದ ಔಷಧಿ ಒಂದು ಹನಿ ಇಟ್ಟು ಬೆರೆಸುತ್ತಾರೆ. ಎರಡು ನಿಮಿಷದೊಳಗೆ ಒಡೆದ ಹಾಲಿನ ಹಾಗೆ ಗಂಟು ಗಂಟಾದರೆ ಅನುಮಾನ ಅಂತ ಅರ್ಥ. ಅಂಥ ಕೋಳಿಯನ್ನು ಬೇರೆ ಮಾಡಿ ಪ್ರಯೋಗಶಾಲೆಯಲ್ಲಿ ಖಚಿತ ಮಾಡಿಕೊಳ್ಳುತ್ತಾರೆ. ರೋಗ ಇದ್ದ ಹಿಂಡಿನ ಮೊಟ್ಟೆಯನ್ನು ಮರಿಗೆ ಇಡುವುದಿಲ್ಲ. ಚಿಟ್ಟೆ ಅರೆದು ನೋಡುವುದಕ್ಕಿಂತ ಇದು ದೊಡ್ಡ ಕೆಲಸವೇನಲ್ಲ.

ಅಮೆರಿಕದಲ್ಲಿ 1935ರಲ್ಲೇ ಈ ಕೆಲಸ ಶುರುವಾಯಿತು. ಆಗ ಅಲ್ಲಿ ಈ ರೋಗದಿಂದ ಕೆಲವು ಕಡೆ ನೂರಕ್ಕೆ ಎಂಬತ್ತು ಮರಿ ಸಾಯುತ್ತಿದ್ದವು. ಸರಕಾರ, ರಾಜ್ಯಗಳು, ಕೋಳಿ ಸಾಕುವವರು ಸೇರಿ ರಾಷ್ಟ್ರೀಯ ಕೋಳಿ ಸುಧಾರಣಾ ಯೋಜನೆ ಅಂತ ಮಾಡಿದರು. ಬಲವಂತ ಇರಲಿಲ್ಲ. ಸೇರಿದವನ ಹಿಂಡಿಗೆ ಪರೀಕ್ಷೆ, ಪಾಸಾದವನಿಗೆ ಕಾಗದ. ಕಾಗದ ಇಲ್ಲದವನ ಮರಿಯನ್ನು ಕೊಳ್ಳುವವರು ಕಡಿಮೆಯಾದರು, ಆಗ ಎಲ್ಲರೂ ಸೇರಿದರು. ಇವತ್ತು ಅಲ್ಲಿಯ ದೊಡ್ಡ ಫಾರಂಗಳಲ್ಲಿ ಪುಲ್ಲೋರಂ ಇಲ್ಲ ಎನ್ನುವ ಮಟ್ಟಕ್ಕೆ ಬಂದಿದೆ. ಇದನ್ನು ಯಾಕೆ ಹೇಳಿದೆ ಎಂದರೆ, ಅಲ್ಲಿ ಬದಲಾವಣೆ ತಂದದ್ದು ಮರಿ ಕೊಳ್ಳುವವನು ಕೇಳಿದ ಪ್ರಶ್ನೆ.

ನಮ್ಮ ದೇಶದಲ್ಲಿ ಕಾಯಿದೆ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕೆ 2009ರ ಕೇಂದ್ರ ಕಾಯಿದೆ ಇದೆ. ಹಕ್ಕಿಜ್ವರ, ಕೊಕ್ಕರೆ ರೋಗ, ಪುಲ್ಲೋರಂ ಎಲ್ಲ ಅದರ ಪಟ್ಟಿಯಲ್ಲಿವೆ. ರೋಗದ ಅನುಮಾನ ಬಂದರೆ ಪ್ರಾಣಿಯ ಒಡೆಯ ವರದಿ ಮಾಡಬೇಕು ಅಂತಲೂ ಇದೆ. ಆದರೆ ಅದರ ಹೆಚ್ಚಿನ ಮಾತೆಲ್ಲ ರೋಗ ಬಂದ ಮೇಲಿನದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಕ್ಕಿಜ್ವರದ ವಿಚಾರ ನೋಡಿ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಾಣಿಸಿತು. 2012ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ, ಕೇಂದ್ರ ಸರಕಾರದ್ದೇ ಕೋಳಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಕಾಣಿಸಿತು. ಸರಕಾರಿ ಸಂಸ್ಥೆಗೇ ಬಂದ ಮೇಲೆ ಯಾರ ಬೋರ್ಡನ್ನೂ ನೋಡಿ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಕಾಗದ ಬೇಕು, ಕಾಗದದ ಮೇಲೆ ಹೊಸ ತಾರೀಖು ಬೇಕು.

ಇನ್ನೊಂದು ಸಂಗತಿ. 2023ರಲ್ಲಿ ಭಾರತ ಸರಕಾರ ನಮ್ಮ ದೇಶದ 26 ಕೋಳಿ ಘಟಕಗಳು ಹಕ್ಕಿಜ್ವರದಿಂದ ಮುಕ್ತ ಎಂದು ಘೋಷಿಸಿ, ಪ್ರಪಂಚದ ಪ್ರಾಣಿ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆಯಿತು. ಹೊರದೇಶಕ್ಕೆ ಕೋಳಿ, ಮೊಟ್ಟೆ ಮಾರಲು ಅನುಕೂಲ ಆಗಲಿ ಎಂದು. ಒಳ್ಳೆಯ ಕೆಲಸ. ಆದರೆ ಹೊರದೇಶದ ಗಿರಾಕಿಗೆ ತೋರಿಸಲು ಪರೀಕ್ಷೆ, ಲೆಕ್ಕಪತ್ರ ಎಲ್ಲ ಸಾಧ್ಯವಾಗುವುದಾದರೆ, ಮರಳವಾಡಿಯ ಗಿರಾಕಿಗೆ ಒಂದು ಹಾಳೆ ಕೊಡಲು ಯಾಕೆ ಸಾಧ್ಯವಿಲ್ಲ? ನಾವು ಕೊಡುವುದು ದುಡ್ಡಲ್ಲವೇ?

ಗುತ್ತಿಗೆಯಲ್ಲಿ ಸಾಕುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಮರಿ ಕಂಪನಿಯದು, ತಿಂಡಿ ಕಂಪನಿಯದು, ಔಷಧಿ ಕಂಪನಿಯದು. ಶೆಡ್, ಕರೆಂಟು, ನೀರು, ಹೊಟ್ಟು, ರಾತ್ರಿಯ ನಿದ್ದೆ ನಮ್ಮದು. ಮರಿ ಸತ್ತರೆ ತೂಕ ಕಡಿಮೆ, ತಿಂದ ತಿಂಡಿಯ ಲೆಕ್ಕ ಜಾಸ್ತಿ, ಕೊನೆಗೆ ಕಿಲೋ ಮೇಲೆ ಕೊಡುವ ಸಾಕಾಣಿಕೆ ದುಡ್ಡಿಗೆ ಕತ್ತರಿ. ಮೊಟ್ಟೆಯಲ್ಲೇ ಬಂದ ರೋಗಕ್ಕೆ ಸಾಕಿದವನು ದಂಡ ಕಟ್ಟುವುದು ಯಾವ ನ್ಯಾಯ? ಹಕ್ಕಿಜ್ವರ ಬಂದು ಸರಕಾರ ಕೋಳಿ ಕೊಂದರೆ ಪರಿಹಾರ ಇದೆ, ನಿಜ. ಅದು ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ತಿಂಡಿಗೆ. ಅದಕ್ಕೂ ಮೊದಲು ತಾನಾಗಿ ಸತ್ತ ಕೋಳಿಗೆ ಇಲ್ಲ. ತಿಂಗಳುಗಟ್ಟಲೆ ಖಾಲಿ ಬಿದ್ದ ಶೆಡ್ಡಿನ ಬ್ಯಾಂಕ್ ಕಂತನ್ನು ಯಾರು ಕಟ್ಟುತ್ತಾರೆ?

ಇದಕ್ಕೆ ನಮ್ಮವರೇ ಒಂದು ಆಕ್ಷೇಪ ಎತ್ತುತ್ತಾರೆ. "ಅಣ್ಣಾ, ಇನ್ನೊಂದು ಕಾಯಿದೆ ಬಂದರೆ ಇನ್ನೊಬ್ಬ ಇನ್ಸ್‌ಪೆಕ್ಟರ್ ಬರ್ತಾನೆ. ದೊಡ್ಡ ಕಂಪನಿ ಕಾಗದ ಮಾಡಿಸ್ಕೊಳ್ತದೆ, ನಾಲ್ಕು ಜನ ಹುಡುಗರು ಸೇರಿ ಮಾಡಿದ ಸಣ್ಣ ಹ್ಯಾಚರಿ ಮುಚ್ಚಿಹೋಗ್ತದೆ." ಈ ಮಾತಿನಲ್ಲಿ ಹುರುಳಿದೆ. ಸಣ್ಣವನನ್ನು ಮುಗಿಸಲು ದೊಡ್ಡವನು ನಿಯಮವನ್ನೇ ದೊಣ್ಣೆ ಮಾಡಿಕೊಂಡದ್ದನ್ನು ನಾವು ನೋಡಿದ್ದೇವೆ. ಅದಕ್ಕಾಗಿಯೇ ನಮ್ಮ ಬೇಡಿಕೆ ಸ್ಪಷ್ಟವಾಗಿರಬೇಕು. ಸಣ್ಣ ಹ್ಯಾಚರಿಗೆ ಪರೀಕ್ಷೆಯನ್ನು ಪಶುಪಾಲನಾ ಇಲಾಖೆ ತನ್ನ ಖರ್ಚಿನಲ್ಲಿ ಮಾಡಿಕೊಡಲಿ. ಹೆಬ್ಬಾಳದಲ್ಲಿ ಪ್ರಾಣಿ ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಇದೆ, ಪಶುವೈದ್ಯ ಕಾಲೇಜಿದೆ. ವಿದ್ಯೆ ನಮ್ಮ ಬಾಗಿಲಲ್ಲೇ ಇದೆ. ರೋಗದ ಹಿಂಡನ್ನು ತೆಗೆಯಬೇಕಾಗಿ ಬಂದ ಸಣ್ಣವನಿಗೆ ಪರಿಹಾರವನ್ನೂ ಕೊಡಲಿ. ಪರಿಹಾರ ಇಲ್ಲದಿದ್ದರೆ ಯಾರೂ ರೋಗವನ್ನು ಬಾಯಿಬಿಟ್ಟು ಹೇಳುವುದಿಲ್ಲ, ರಾತ್ರೋರಾತ್ರಿ ಮಾರಿ ಕೈತೊಳೆದುಕೊಳ್ಳುತ್ತಾರೆ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕಾಗದ ಇದ್ದ ಮಾತ್ರಕ್ಕೆ ಮರಿ ಸಾಯುವುದಿಲ್ಲ ಅಂತಲ್ಲ. ಹಳೆಯ ಹೊಟ್ಟಿನ ಮೇಲೆಯೇ ಹೊಸ ಮರಿ ಬಿಟ್ಟರೆ, ನೀರಿನ ತೊಟ್ಟಿ ತೊಳೆಯದಿದ್ದರೆ, ಪಕ್ಕದ ಶೆಡ್ಡಿನ ಚಪ್ಪಲಿಯಲ್ಲೇ ಒಳಗೆ ಹೋದರೆ ತಪ್ಪು ನಮ್ಮದು. ಆ ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳೋಣ. ಮರಿ ಕೊಟ್ಟವನ ತಪ್ಪು ಯಾವುದು, ಸಾಕಿದವನ ತಪ್ಪು ಯಾವುದು ಎಂದು ಬೇರೆ ಮಾಡಿ ತೋರಿಸಲು ಕಾಗದ ಬೇಕು. ಇವತ್ತು ಎರಡೂ ತಪ್ಪು ನಮ್ಮ ಖಾತೆಗೇ ಬೀಳುತ್ತಿದೆ.

ಆದ್ದರಿಂದ ಈ ತಿಂಗಳಿಂದಲೇ ನೀವು ಮಾಡಬೇಕಾದದ್ದು ಇಷ್ಟು.

ಮರಿಗೆ ಮುಂಗಡ ಕೊಡುವ ಮುಂಚೆ ತಾಯಿ ಹಿಂಡಿನ ಪರೀಕ್ಷೆ ಯಾವಾಗ ಆಯಿತು, ಏನು ಬಂತು ಎಂದು ಬರವಣಿಗೆಯಲ್ಲಿ ಕೇಳಿ. ಇಲ್ಲ ಅಂದರೆ ಇಲ್ಲ ಅಂತಲೇ ಬರೆದುಕೊಡಿ ಎನ್ನಿ. ಮರಿ ಇಳಿಸಿದ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎಷ್ಟು ಸತ್ತವು, ಶೆಡ್ಡಿನ ಕಾವು ಎಷ್ಟಿತ್ತು ಬರೆದಿಡಿ. ಮೊದಲ ವಾರದಲ್ಲೇ ಸಾವು ಜಾಸ್ತಿ ಆದರೆ ಹೂಳಲು ಅವಸರ ಮಾಡಬೇಡಿ. ಹೊಸದಾಗಿ ಸತ್ತ ಮರಿಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಐಸಿನಲ್ಲಿಟ್ಟು, ಹತ್ತಿರದ ಪಶು ಆಸ್ಪತ್ರೆಗೆ ಮುಟ್ಟಿಸಿ ವರದಿ ಪಡೆಯಿರಿ. ಒಮ್ಮೆಲೇ ರಾಶಿ ರಾಶಿ ಸತ್ತರೆ ಮಾತ್ರ ಮುಟ್ಟಲು ಹೋಗಬೇಡಿ, ವೈದ್ಯರನ್ನೇ ಕರೆಸಿ. ಗುತ್ತಿಗೆಯವರು ಮುಂದಿನ ಕರಾರಿಗೆ ಸಹಿ ಹಾಕುವಾಗ, ಮೊಟ್ಟೆಯಿಂದ ಬಂದ ರೋಗದ ನಷ್ಟ ಸಾಕುವವನ ಮೇಲೆ ಬೀಳಬಾರದು ಎಂಬ ಒಂದು ಸಾಲು ಸೇರಿಸಲು ಹಠ ಹಿಡಿಯಿರಿ. ಒಬ್ಬರು ಕೇಳಿದರೆ ಮರಿ ಕೊಡುವುದನ್ನೇ ನಿಲ್ಲಿಸಿಯಾರು. ಹೋಬಳಿಯ ಎಲ್ಲ ಶೆಡ್ಡಿನವರೂ ಕೂಡಿ ಕೇಳಿದರೆ ಕೂತು ಮಾತಾಡುತ್ತಾರೆ. ಗ್ರಾಮಸಭೆಯಲ್ಲಿ ಠರಾವು ಮಾಡಿ ತಾಲ್ಲೂಕಿನ ಪಶುಪಾಲನಾ ಇಲಾಖೆಗೆ ಕಳಿಸಿ.

ಚನ್ನಪಟ್ಟಣ, ಮಾಗಡಿ, ಬಿಡದಿ ಸೀಮೆಗೆ ರೇಷ್ಮೆ ಬಿತ್ತನೆಯ ಹೆಸರು ಇತ್ತು. ನಮ್ಮ ತಾತಂದಿರು ಸ್ಕೂಲಿಗೆ ಹೋದವರಲ್ಲ. ಆದರೂ ಮೊಟ್ಟೆಯ ಹಾಳೆಯನ್ನು ಬೆಳಕಿಗೆ ಹಿಡಿದು, ಕೋಠಿ ಯಾವುದು ಎಂದು ಕೇಳಿ ತಂದರು. ಅವರು ಹುಳುವಿಗೆ ಕೇಳಿದ್ದನ್ನು ನಾವು ಕೋಳಿಗೆ ಕೇಳಬೇಕು. ಕೇಳದೆ ತಂದ ಮರಿಯ ಸಾಲಕ್ಕೆ ಬಡ್ಡಿ ಕಟ್ಟುವವರು ನಾವೇ, ನಮ್ಮ ಮಕ್ಕಳೇ.

ನಿಮ್ಮ ಊರಿನಲ್ಲಿ ಹೀಗೆ ಮರಿ ಕಳೆದುಕೊಂಡವರು ಇದ್ದರೆ, ಎಷ್ಟು ಮರಿ, ಯಾವ ತಿಂಗಳು, ಎಷ್ಟು ಸಾಲ ಎಂದು ಪತ್ರಿಕೆಗೆ ಬರೆಯಿರಿ. ಹತ್ತು ಊರಿನ ಲೆಕ್ಕ ಕೈಯಲ್ಲಿದ್ದರೆ ಇಲಾಖೆಯ ಬಾಗಿಲಲ್ಲಿ ನಿಂತು ಮಾತಾಡಲು ನಮಗೆ ಬಲ ಬರುತ್ತದೆ.